ನೂರೆಪ್ಪತ್ತರ ಮುಳ್ಳು

ಟಿಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಟಿಕ್, ಟಿಕ್.

ಕಾರು ಮನೆಗೆ ಬಂದು, ಪೋರ್ಟಿಕೋದಲ್ಲಿ ನಿಂತು, ಎಲ್ಲರೂ ಇಳಿದು ಒಳಗೆ ಹೋದ ಮೇಲೆ ಬಾನೆಟ್ಟಿನೊಳಗಿಂದ ಬರುತ್ತಿದ್ದ ಸದ್ದು ಅದು. ಕಾದ ಕಬ್ಬಿಣ ತಣಿಯುವಾಗ ಹಾಗೆ ಸದ್ದು ಮಾಡುತ್ತದೆ, ದಟ್ಸ್ ಆಲ್. ಈಗ ಗೊತ್ತು. ಹನ್ನೆರಡು ವರ್ಷದ ನನಗೆ ಮಾತ್ರ ಅದು ಹಲ್ಲು ಕಟಕಟಿಸುವ ಹಾಗೆ ಕೇಳುತ್ತಿತ್ತು. ಹಿಂದಿನ ವರ್ಷ ಚಳಿ ಬಂದಾಗಲೆಲ್ಲ ನನ್ನ ತಮ್ಮನ ಹಲ್ಲು ಹಾಗೇ ಕಟಕಟ ಅನ್ನುತ್ತಿತ್ತು. ಎರಡು ಕಂಬಳಿ ಹೊದಿಸಿದರೂ ನಿಲ್ಲುತ್ತಿರಲಿಲ್ಲ.

ತಮ್ಮನಿಗೆ ಬಂದಿದ್ದು ಟೈಫಾಯಿಡ್. ಆರು ವರ್ಷದ ಹುಡುಗ. ಡಾಕ್ಟರು ಒಂದು ಕಟ್ಟು ಚಾರ್ಟ್ ಕೊಟ್ಟು, ನಾಲ್ಕು ಗಂಟೆಗೊಂದು ಸಲ ಜ್ವರ ನೋಡಿ ಬರೆಯಿರಿ ಅಂದಿದ್ದರು. ಥರ್ಮಾಮೀಟರ್ ನೋಡುವವಳು ಅಮ್ಮ, ಬರೆಯುವವರು ಅಪ್ಪ. ಆದರೆ ಅಮ್ಮ ಜ್ವರದ ಅಂಕಿಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವಳ ತವರಿನಲ್ಲಿ ಹಾಗೊಂದು ಪದ್ಧತಿ: ಜ್ವರದ ಲೆಕ್ಕವನ್ನು ಮಲಗಿರುವವರ ಮುಂದೆ ಆಡಬಾರದು, ಜ್ವರಕ್ಕೆ ಕೇಳಿಸಿದರೆ ಇನ್ನಷ್ಟು ಏರುತ್ತದೆ. ಅದಕ್ಕೇ ಅವಳು ಸೆರಗಿನ ಮರೆಯಲ್ಲಿ ಬೆರಳು ತೋರಿಸುತ್ತಿದ್ದಳು. ಎರಡು ಬೆರಳು ಅಂದರೆ ನೂರೆರಡು. ಮೂರು ಅಂದರೆ ನೂರಮೂರು. ಬಾಗಿಲ ಹತ್ತಿರ ನಿಂತ ಅಪ್ಪ ನೋಡಿಕೊಂಡು ಹೋಗಿ ಕೆಂಪು ಪೆನ್ಸಿಲ್ಲಿನಿಂದ ಚುಕ್ಕೆ ಇಡುತ್ತಿದ್ದರು. ಒಂದು ದಿನ ಐದು ಬೆರಳೂ ಬಿಚ್ಚಿದ್ದನ್ನು ನಾನು ನೋಡಿದ್ದೇನೆ.

ಹದಿನೆಂಟನೆಯ ದಿನ ಬೆಳಿಗ್ಗೆ ಅಮ್ಮ ತೋರಿಸಿದ್ದು ಬರೀ ಮುಷ್ಟಿ. ಬೆರಳೇ ಇಲ್ಲ. ನಾರ್ಮಲ್! ಅಪ್ಪ ನಕ್ಕುಬಿಟ್ಟರು. ಚುಕ್ಕೆಯಿಂದ ಚುಕ್ಕೆಗೆ ಗೆರೆ ಎಳೆದು, ದೇವರ ಮನೆಗೆ ಹೋಗಿ ಬಿದ್ದು ನಮಸ್ಕಾರ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ತಮ್ಮ ಇರಲಿಲ್ಲ. ಒಳಗೆ ಕರುಳು ತೂತಾದರೆ ಜ್ವರ ಹಾಗೆ ದಿಢೀರನೆ ಇಳಿಯುವುದುಂಟು ಎಂದು ಡಾಕ್ಟರು ಆಮೇಲೆ ಹೇಳಿದರು. ಅಲ್ಲಿಂದಾಚೆಗೆ ನಮ್ಮ ಮನೆಯಲ್ಲಿ ಏರಿದರೂ ಭಯ, ಇಳಿದರೂ ಭಯ. ಸ್ನಾನದ ನೀರು ಒಂದು ದಿನ ಹೆಚ್ಚು ಕಾದಿದ್ದರೂ ಅಪ್ಪ ಬೆರಳು ಅದ್ದಿ ನಿಂತುಬಿಡುತ್ತಿದ್ದರು.

ಇಂಥ ಮನೆಗೆ ಆ ಕಾರು ಬಂತು. ಅಪ್ಪನ ಆಫೀಸಿನ ಇಂಗ್ಲಿಷ್ ದೊರೆ ತನ್ನ ಊರಿಗೆ ಹೊರಟಾಗ ಅಪ್ಪನಿಗೆ ಮಾರಿದ ಕಪ್ಪು ಕಾರು. ಮಗ ಹೋದ ಮನೆಯಲ್ಲಿ ಒಂದಿಷ್ಟು ಸಂತೋಷ ಆಗಲಿ ಅಂತ ಅಪ್ಪ ಕೊಂಡುಕೊಂಡಿರಬೇಕು. ಅದರ ಜೊತೆಯಲ್ಲೇ ಬಂದವರು ಡ್ರೈವರ್. ಖಾಕಿ ಕೋಟು, ನರೆತ ಮೀಸೆ, ಐವತ್ತೈದರ ಮೇಲಿನ ವಯಸ್ಸು. ವ್ಯಾಸರ್‌ಪಾಡಿಯಿಂದ ಕೀಲ್ಪಾಕಿನ ನಮ್ಮ ಮನೆಗೆ ಸೈಕಲ್ಲಿನಲ್ಲಿ ಬರುತ್ತಿದ್ದರು. ಮನೆಯಲ್ಲಿ ನನ್ನ ವಯಸ್ಸಿನ ಮಗಳಿದ್ದಳು, ಕಾರ್ಪೊರೇಷನ್ ಸ್ಕೂಲಿಗೆ ಹೋಗುತ್ತಿದ್ದಳು. ಅವರು ಆಡುತ್ತಿದ್ದದ್ದು ತಮಿಳು. ಇಷ್ಟು ವರ್ಷ ನನ್ನ ತಲೆಯೊಳಗೇ ಇದ್ದು ಇದ್ದು ಅದೀಗ ಮುಕ್ಕಾಲು ಕನ್ನಡವಾಗಿಬಿಟ್ಟಿದೆ.

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಗಡಿಯಾರದಂಥ ಒಂದು ಸಣ್ಣ ಮುಖ ಇತ್ತು. ಎಂಜಿನ್ನಿನ ಒಳಗೆ ಓಡಾಡುವ ನೀರು ಎಷ್ಟು ಕಾದಿದೆ ಅಂತ ತೋರಿಸುವ ಮೀಟರ್. ಫ್ಯಾರನ್‌ಹೀಟಿನಲ್ಲಿ ಅಂಕಿಗಳು, ತೊಂಬತ್ತರಿಂದ ಇನ್ನೂರ ಮೂವತ್ತರವರೆಗೆ. ನಡುವೆ ತೆಳ್ಳಗಿನ ಒಂದು ಮುಳ್ಳು. ಬೀಗದ ಕೈ ಕೊಡುವ ದಿನ ದೊರೆ ಅದನ್ನು ತೋರಿಸಿ, “ಶಿ ರನ್ಸ್ ಅಟ್ ಒನ್ ಸೆವೆಂಟಿ” ಅಂದನಂತೆ. ಬೇರೇನೂ ಹೇಳಲಿಲ್ಲ. ಅಪ್ಪ ಅದನ್ನು ಡೈರಿಯಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದರು. ಮನುಷ್ಯನಿಗೆ ತೊಂಬತ್ತೆಂಟು ಪಾಯಿಂಟ್ ನಾಲ್ಕು ಹೇಗೋ ಈ ಕಾರಿಗೆ ನೂರೆಪ್ಪತ್ತು ಹಾಗೆ. ಒಂದೇ ನಾರ್ಮಲ್. ಅದರ ಮೇಲಿದ್ದದ್ದೆಲ್ಲ ಜ್ವರ.

ಮೊದಲನೇ ವಾರದಲ್ಲೇ ಮುಳ್ಳು ನೂರೆಂಬತ್ತಕ್ಕೆ ಹೋಯಿತು. ಸೌಕಾರ್‌ಪೇಟೆಯ ಸಂದಿಗಳಲ್ಲಿ ಕೈಗಾಡಿಗಳ ಹಿಂದೆ ತೆವಳುತ್ತಿದ್ದೆವು. ಹಿಂದಿನ ಸೀಟಿನಿಂದ ಅಪ್ಪ ಬಗ್ಗಿ ನೋಡಿ, “ಏನಿದು? ಹತ್ತು ಜಾಸ್ತಿ ಇದೆ!” ಅಂದರು.

“ಏರುತ್ತೆ ಸಾರ್, ಇಳಿಯುತ್ತೆ. ಅದರ ಗುಣ ಅದು” ಅಂದರು ಡ್ರೈವರ್.

ಅಪ್ಪನಿಗೆ ಆ ಮಾತು ಹಿಡಿಸಲಿಲ್ಲ. ದೊರೆ ಇಂಗ್ಲಿಷಿನಲ್ಲಿ ಒಂದು ಅಂಕಿ ಕೊಟ್ಟಿದ್ದ. ಈ ಮನುಷ್ಯ ಅಂಕಿಯನ್ನೇ ಕೊಡುತ್ತಿಲ್ಲ.

ಆ ಸಂಜೆ ಅಪ್ಪ ನನ್ನನ್ನು ಕೂಡಿಸಿಕೊಂಡು ಬೀರು ತೆಗೆದು ಒಂದು ಕಟ್ಟು ಹಾಳೆ ಹೊರಗಿಟ್ಟರು. ನನಗೆ ನೋಡಿದ ಕೂಡಲೇ ಗೊತ್ತಾಯಿತು. ತಮ್ಮನ ಜ್ವರಕ್ಕೆ ಕೊಟ್ಟಿದ್ದ ಚಾರ್ಟಿನಲ್ಲಿ ಮಿಕ್ಕಿದ್ದ ಹಾಳೆಗಳು. ಅಂಚಿನಲ್ಲಿ ಅಚ್ಚಾಗಿದ್ದ ತೊಂಬತ್ತೈದು, ತೊಂಬತ್ತಾರುಗಳ ಮೇಲೆ ಅಪ್ಪ ತಮ್ಮ ಫೌಂಟನ್ ಪೆನ್ನಿನಲ್ಲಿ ನೂರರವತ್ತು, ನೂರೆಪ್ಪತ್ತು ಎಂದು ಹೊಸ ಅಂಕಿ ಬರೆದಿದ್ದರು.

“ಮಗು, ನೀನು ಇನ್ಮೇಲೆ ಮುಂದೆ ಕೂತ್ಕೋ. ಮುಳ್ಳು ನೋಡ್ತಾ ಇರು. ಬಾಯಲ್ಲಿ ಹೇಳಬೇಡ. ಡ್ರೈವರಿಗೆ ತಿಳಿಯೋದು ಬೇಡ. ಕೈ ಸೀಟಿನ ಮೇಲಿಟ್ಟು ಬೆರಳು ತೋರಿಸು. ನೂರೆಪ್ಪತ್ತು ಇದ್ರೆ ಮುಷ್ಟಿ. ಎಂಬತ್ತು ಅಂದ್ರೆ ಒಂದು. ತೊಂಬತ್ತು, ಎರಡು. ಇನ್ನೂರು, ಮೂರು. ಮನೆಗೆ ಬಂದು ಚಾರ್ಟ್ ತುಂಬು.”

“ಇನ್ನೂರು ಆದರೆ ಏನಪ್ಪಾ ಆಗುತ್ತೆ?”

“ಅವನು ಬಿರುಸಾಗಿ ಓಡಿಸ್ತಿದ್ದಾನೆ ಅಂತ. ಮೂರು ಸಲ ಇನ್ನೂರು ಮುಟ್ಟಿದರೆ ಬೇರೆ ಡ್ರೈವರ್ ನೋಡ್ತೀನಿ.”

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಾನ್ವೆಂಟಿನಲ್ಲಿ ಇಂಗ್ಲಿಷ್ ಆಡಿಕೊಂಡಿದ್ದ ನನಗೆ ಆವತ್ತಿನಿಂದ ನಾಲ್ಕನೆಯ ಭಾಷೆಯೊಂದು ಸಿಕ್ಕಿತು. ಬೆಂಚಿನಂಥ ಮುಂದಿನ ಸೀಟು, ಅದರ ಬೆನ್ನಿನ ಮೇಲೆ ಹಿಂದಕ್ಕೆ ಚಾಚಿದ ನನ್ನ ಎಡಗೈ, ಬೆವರಿದ ಅಂಗೈಗೆ ಅಂಟುವ ರೆಕ್ಸಿನ್. ಒಬ್ಬ ಮನುಷ್ಯನ ಅನ್ನ ನನ್ನ ಮೂರು ಬೆರಳಿನಲ್ಲಿದೆ ಅನ್ನುವುದು ಅಷ್ಟು ಚಿಕ್ಕವಳಿಗೂ ಗೊತ್ತಾಗುತ್ತಿತ್ತು. ಬೀದಿಯಲ್ಲಿ ಏನಿದೆ ಅಂತ ನಾನು ಆ ವರ್ಷ ನೋಡಲೇ ಇಲ್ಲ.

ನಾನು ಎರಡು ಬೆರಳು ತೋರಿಸಿದರೆ ಅಪ್ಪ ಕೊಡೆಯ ತುದಿಯಿಂದ ಕಾರಿನ ನೆಲಕ್ಕೆ ಕುಟ್ಟುತ್ತಿದ್ದರು. ಕಾರು ನಿಲ್ಲಬೇಕು. ನಿಂತರೆ ಎಂಜಿನ್ ಆಫ್ ಮಾಡಬೇಕು. ಆಫ್ ಮಾಡಿದ ಮೇಲೆ, ಓ ಮೈ ಗಾಡ್, ಮುಳ್ಳು ಇನ್ನೂ ಮೇಲಕ್ಕೆ ಹೋಗುತ್ತಿತ್ತು! ಅಪ್ಪನ ಮುಖ ಬಿಳಿಚಿಕೊಳ್ಳುತ್ತಿತ್ತು. “ನೋಡು, ನಿಲ್ಲಿಸಿದ ಮೇಲೂ ಏರ್ತಿದೆ. ಒಳಗೆ ಏನೋ ಆಗಿದೆ.” ಹೀಗೆ ಬಾನೆಟ್ ಎತ್ತಿಕೊಂಡು ಮೌಂಟ್ ರೋಡಿನಲ್ಲಿ, ಎಗ್ಮೋರಿನಲ್ಲಿ, ಯಾರದೋ ಮದುವೆಯ ಚಪ್ಪರದ ಎದುರಿಗೆ ನಾವು ನಿಂತಿದ್ದೇವೆ. ನೆಂಟರು ನಗುತ್ತಿದ್ದರು. ನಮ್ಮಜ್ಜಿಯಂತೂ ಬಾಯಿ ಬಿಗಿ ಹಿಡಿಯುವವರಲ್ಲ. “ಏನೋ, ಇವತ್ತು ನಿನ್ನ ಕಾರಿಗೆ ಎಷ್ಟು ಜ್ವರ? ಒಂದು ಲೋಟ ಮೆಣಸಿನ ಕಷಾಯ ಹುಯ್ಯೋ, ಬೆವರು ಬಿಟ್ಟು ಇಳಿಯುತ್ತೆ” ಅನ್ನುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ. ಅಮ್ಮ ಕಿಟಕಿಯಿಂದಾಚೆ ನೋಡುತ್ತಿದ್ದಳು.

ಡ್ರೈವರಿಗೆ ನನ್ನ ಕೈ ಕಾಣಿಸುತ್ತಿರಲಿಲ್ಲ ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ಸ್ಕೂಲಿಗೆ ಒಬ್ಬಳೇ ಹೋಗುವಾಗ ಅವರೇ ಶುರು ಮಾಡಿದರು.

“ಪಾಪ್ಪಾ, ಇವತ್ತು ಹಿಂದೆ ಯಾರೂ ಇಲ್ಲ. ಕೈ ಕೆಳಗಿಳಿಸು, ನೋಯುತ್ತೆ.”

ನನಗೆ ಅಳು ಬಂತು. ಅವರು ನೋಡಿಯೂ ನೋಡದವರ ಹಾಗೆ ರಸ್ತೆಯ ಕಡೆಗೇ ಮುಖ ಇಟ್ಟುಕೊಂಡು, “ನೋಡೋದೇ ಆದರೆ ಸರಿಯಾಗಿ ನೋಡೋದು ಕಲಿ” ಅಂದರು.

ಆಮೇಲಿನ ಕೆಲವು ವಾರ ಆ ಮೀಟರನ್ನು ಓದುವುದನ್ನು ಅವರು ನನಗೆ ಕಲಿಸಿದರು. ಬೆಳಿಗ್ಗೆ ಮುಳ್ಳು ನೂರರ ಕೆಳಗೆ ಮಲಗಿರುತ್ತದೆ. ಎದ್ದು ನಿಧಾನವಾಗಿ ನೂರೆಪ್ಪತ್ತೈದರ ತನಕ ಹೋಗುತ್ತದೆ. “ಈಗ ನೋಡು, ಈಗ!” ಅನ್ನುವರು. ಮುಳ್ಳು ತಟ್ಟನೆ ನೂರರವತ್ತಕ್ಕೆ ಇಳಿದು ಮತ್ತೆ ಏರುತ್ತಿತ್ತು. “ಒಳಗೆ ಒಂದು ಸಣ್ಣ ಕದ ಇದೆ. ನೀರು ಕಾಯುವ ತನಕ ಮುಚ್ಚಿಕೊಂಡೇ ಇರುತ್ತೆ. ಕಾದ ಮೇಲೆ ತೆಗೆದುಕೊಳ್ಳುತ್ತೆ. ರೇಡಿಯೇಟರಿನಲ್ಲಿದ್ದ ತಣ್ಣೀರು ಒಳಗೆ ನುಗ್ಗಿತು, ಮುಳ್ಳು ಇಳಿಯಿತು. ಅಷ್ಟೇ.” ಬೀಚ್ ರೋಡಿನಲ್ಲಿ ಎದುರುಗಾಳಿ ಹೊಡೆದರೆ ನೂರರವತ್ತೈದು. ಜನರ ನಡುವೆ ತೆವಳಿದರೆ ಗಾಳಿ ಇಲ್ಲ, ನೂರೆಂಬತ್ತೈದು. ಮೇ ತಿಂಗಳ ಬಿಸಿಲಿನಲ್ಲಿ ನಿಂತರೆ ನೂರತೊಂಬತ್ತೈದು, ಇನ್ನೂರು. ಹೊರಟ ಮೇಲೆ ಇಳಿಯುತ್ತದೆ.

“ಆಫ್ ಮಾಡಿದ ಮೇಲೆ ಏಕೆ ಏರುತ್ತೆ?” ನನಗೆ ಅದೇ ದೊಡ್ಡ ಭಯ.

“ನಿಮ್ಮಮ್ಮ ಒಲೆ ಆರಿಸಿದ ಮೇಲೂ ಕಾವಲಿಯ ಮೇಲಿರೋ ದೋಸೆ ಸೀಯೋದಿಲ್ಲವಾ? ಕಬ್ಬಿಣದಲ್ಲಿ ಕಾವು ಇರುತ್ತೆ. ಓಡಾಡುತ್ತಿದ್ದ ನೀರು ನಿಂತುಬಿಡುತ್ತೆ. ನಿಂತ ನೀರು ಆ ಕಾವನ್ನೆಲ್ಲ ಕುಡಿಯುತ್ತೆ. ಹತ್ತು ನಿಮಿಷ, ಆಮೇಲೆ ತಾನೇ ಇಳಿಯುತ್ತೆ.”

“ಹಾಗಾದರೆ ಯಾವುದಕ್ಕೆ ಭಯಪಡಬೇಕು?”

“ಹೊರಟ ಮೇಲೂ ಇಳಿಯದೆ ಹೋದರೆ. ಇನ್ನೊಂದು, ಮುಳ್ಳು ಅಲ್ಲಾಡದೇ ಇದ್ದರೆ.”

ಮನೆಗೆ ಬಂದು ಚಾರ್ಟುಗಳನ್ನು ಸಾಲಾಗಿ ಹರವಿ ನೋಡಿದೆ. ಹೌದು. ಎಲ್ಲ ಹಾಳೆಗಳಲ್ಲೂ ಅದೇ ಆಕಾರ. ಪೆರಂಬೂರಿನ ರೈಲ್ವೆ ಗೇಟಿನಲ್ಲಿ ನಿಂತಾಗ ಏರಿಕೆ, ಗೇಟ್ ದಾಟಿದ ಮೇಲೆ ಇಳಿತ. ಪ್ರತಿ ಸಲ ಇಳಿದಿತ್ತು, ಎವ್ರಿ ಸಿಂಗಲ್ ಟೈಮ್. ಅಪ್ಪನ ಹತ್ತಿರ ಓಡಿಹೋಗಿ ತೋರಿಸಬೇಕು ಅಂತ ಎದ್ದೆ. ಆದರೆ ಆ ಹಾಳೆಗಳನ್ನು ಕೈಯಲ್ಲಿ ಹಿಡಿದು ಅಪ್ಪನ ಮುಂದೆ ನಿಂತು “ಇಳಿಯುತ್ತೆ” ಅನ್ನುವ ಮಾತನ್ನು ಹೇಗೆ ಹೇಳುವುದು? ಅವರ ಮಗನ ಗೆರೆಯೂ ಇಳಿದಿತ್ತು. ನಾನು ಹಾಳೆಗಳನ್ನು ಮಡಿಚಿಟ್ಟೆ.

ಅದರ ಬದಲು ಸುಳ್ಳು ಹೇಳತೊಡಗಿದೆ. ಮುಳ್ಳು ನೂರತೊಂಬತ್ತು ಇದ್ದರೆ ಒಂದು ಬೆರಳು. ಇನ್ನೂರರ ಹತ್ತಿರ ಹೋದ ಎರಡು ಸಲ ಬರೀ ಮುಷ್ಟಿ. ಕೊಡೆ ಕುಟ್ಟುವುದು ಕಡಿಮೆಯಾಯಿತು. ನಾವು ಎಲ್ಲಿಯೂ ನಿಲ್ಲದೆ ಊರು ಸುತ್ತುವಂತಾಯಿತು. ಅಪ್ಪ ಒಂದು ಸಲ ಸೀಟಿಗೆ ಒರಗಿ ಕಣ್ಣು ಮುಚ್ಚಿದ್ದನ್ನೂ ನೋಡಿದೆ. ಆದರೆ ಕಾನ್ವೆಂಟಿನಲ್ಲಿ ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಸಿಸ್ಟರ್ ‘ಎ ಲೈ ಈಸ್ ಎ ಲೈ, ಗರ್ಲ್ಸ್, ಈವನ್ ವಿದೌಟ್ ವರ್ಡ್ಸ್’ ಅಂದಾಗ ನನ್ನ ಕಡೆಗೇ ನೋಡಿದ ಹಾಗಾಗಿ, ಎಡಗೈಯನ್ನು ಡೆಸ್ಕಿನ ಕೆಳಗೆ ಬಚ್ಚಿಟ್ಟುಕೊಂಡೆ. ಅದೇ ಸಿಸ್ಟರ್ ಸೈನ್ಸ್ ಕ್ಲಾಸಿನಲ್ಲಿ, ನೀರು ಕುದಿಯುವುದು ಇನ್ನೂರ ಹನ್ನೆರಡಕ್ಕೆ ಎಂದು ಬೋರ್ಡಿನ ಮೇಲೆ ಬರೆದಿದ್ದರು. ಇನ್ನೂರಕ್ಕೂ ಅದಕ್ಕೂ ಎಷ್ಟು ದೂರ? ಡ್ರೈವರ್ ಹೇಳಿದ್ದು ತಪ್ಪಾಗಿದ್ದರೆ? ನಾವೆಲ್ಲರೂ ಕಾರಿನೊಳಗಿದ್ದಾಗಲೇ ಒಳಗೆ ಏನಾದರೂ ತೂತಾದರೆ? ಹೀಗೆ ಎರಡು ಭಯಗಳ ನಡುವೆ ನನ್ನ ಮುಷ್ಟಿ ಬಿಗಿಯಾಗುತ್ತಿತ್ತು.

ಏಪ್ರಿಲ್ ತಿಂಗಳು. ಮಾಧವರಂನಲ್ಲಿ ಹೊಸದಾಗಿ ಮನೆ ಮಾಡಿದ್ದ ಚಿಕ್ಕಮ್ಮ ಊಟಕ್ಕೆ ಕರೆದಿದ್ದರು. ಅಪ್ಪ ಅಮ್ಮ ಹಿಂದೆ, ನಾನು ಮುಂದೆ. ಪೆರಂಬೂರಿನ ಗೇಟು ಬಿದ್ದಿತ್ತು. ಗೂಡ್ಸ್ ರೈಲು ಮುಂದೆ ಹೋಗಿ, ನಿಂತು, ಮತ್ತೆ ಹಿಂದಕ್ಕೆ ಬಂತು. ಲಾರಿ, ಎತ್ತಿನ ಗಾಡಿ, ಸೈಕಲ್‌ಗಳ ನಡುವೆ ನಾವು. ಬಾನೆಟ್ಟಿನ ಮೇಲೆ ಬಿಸಿಲು ಅಲೆಯಲೆಯಾಗಿ ನಡುಗುತ್ತಿತ್ತು. ನೂರತೊಂಬತ್ತು. ನೂರತೊಂಬತ್ತೈದು. ನನ್ನ ಮುಷ್ಟಿ ಸೀಟಿನ ಮೇಲೆ. ಡ್ರೈವರ್ ಎಂಜಿನ್ ಆಫ್ ಮಾಡದೆ ಆಕ್ಸಿಲರೇಟರನ್ನು ಒಂಚೂರು ಒತ್ತಿ ಹಿಡಿದಿದ್ದರು, ಫ್ಯಾನ್ ಜೋರಾಗಿ ತಿರುಗಲಿ ಅಂತ. ಆ ಸದ್ದಿಗೆ ಅಪ್ಪನಿಗೆ ಅನುಮಾನ ಬಂತೋ ಏನೋ, ಎದ್ದು ನನ್ನ ಭುಜದ ಮೇಲಿಂದ ಬಗ್ಗಿದರು.

ಮುಳ್ಳು ಇನ್ನೂರೈದರಲ್ಲಿತ್ತು. ನನ್ನ ಕೈ ಇನ್ನೂ ಮುಷ್ಟಿ.

“ಆಫ್! ಆಫ್ ಮಾಡು!”

“ಸಾರ್, ಆಫ್ ಮಾಡಿದರೆ ಇನ್ನೂ ಏರುತ್ತೆ. ಗೇಟ್ ಈಗ ತೆಗೀತಾರೆ. ಹೊರಟರೆ...”

“ಆಫ್ ಮಾಡು ಅಂದೆ!”

ಆಫ್ ಮಾಡಿದರು. ಮುಳ್ಳು ಇನ್ನೂರ ಹನ್ನೆರಡನ್ನು ಮುಟ್ಟಿತು. ನಾನು ಕಣ್ಣು ಮುಚ್ಚಿಕೊಂಡೆ. ತೆಗೆದಾಗ ಅಪ್ಪ ಆಗಲೇ ಕೆಳಗಿಳಿದು, ಬಾನೆಟ್ ಎತ್ತಿ, ಒಂದು ಕೈಯಲ್ಲಿ ನೀರಿನ ಡಬ್ಬ ಹಿಡಿದು, ಇನ್ನೊಂದು ಕೈಯನ್ನು ರೇಡಿಯೇಟರಿನ ಮುಚ್ಚಳದ ಕಡೆಗೆ ಚಾಚಿದ್ದರು. ಹಣೆಗೆ ಒದ್ದೆ ಬಟ್ಟೆ ಹಾಕುವವರ ಆತುರ ಅದು. ಡ್ರೈವರ್ ಓಡಿಹೋಗಿ, “ತೆಗೀಬೇಡಿ ಸಾರ್!” ಎಂದು ಕಿರುಚಿ ಅಪ್ಪನ ಕೈಯನ್ನು ಫಟಾರನೆ ಪಕ್ಕಕ್ಕೆ ಹೊಡೆದರು. ನೀರಿನ ಡಬ್ಬ ಉರುಳಿತು. ಲಾರಿಯವರು, ಸೈಕಲ್ಲಿನವರು ಎಲ್ಲ ತಿರುಗಿ ನೋಡಿದರು.

ಏನೂ ಆಗಲಿಲ್ಲ. ಮುಚ್ಚಳ ತೆಗೆದಿದ್ದರೆ ಒಳಗೆ ಅದುಮಿಟ್ಟಿದ್ದ ನೀರು ಕುದಿದು ಚಿಮ್ಮಿ ಅಪ್ಪನ ಮುಖವೇ ಬೆಂದುಹೋಗುತ್ತಿತ್ತು. ಆದರೆ ಆಗದೇ ಹೋದದ್ದು ಯಾರಿಗೆ ಕಾಣಿಸುತ್ತದೆ? ಕಂಡದ್ದು ಇಷ್ಟೇ: ನಡುಬೀದಿಯಲ್ಲಿ ಡ್ರೈವರ್ ಯಜಮಾನರ ಕೈಗೆ ಹೊಡೆದ.

ಆ ಸಂಜೆ ಅಪ್ಪ ಚಾರ್ಟುಗಳನ್ನು ತರಿಸಿಕೊಂಡರು. ಧ್ವನಿ ಏರಿಸಲಿಲ್ಲ. ಅದೇ ಹೆಚ್ಚು ಭಯ.

“ಇನ್ನೂರೈದು ಇತ್ತು. ನೀನು ಮುಷ್ಟಿ ತೋರಿಸಿದೆ. ಹಿಂದೆ ಎಷ್ಟು ಸಲ ಹೀಗೆ ಮಾಡಿದ್ದೀಯ?”

ನಾನು ಹಾಳೆಯ ಅಂಚನ್ನು ಮಡಿಚತೊಡಗಿದೆ.

“ಅವನು ಹೇಳಿಕೊಟ್ಟನಾ? ಟೆಲ್ ಮಿ ದಿ ಟ್ರೂತ್. ಡಿಡ್ ಹಿ ಟೆಲ್ ಯು ಟು ಲೈ?”

‘ಇಲ್ಲ ಅಪ್ಪ, ನಾನೇ’ ಅನ್ನುವ ಮೂರು ಪದ ಹೇಳಿದ್ದರೆ ಸಾಕಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತ ಅಮ್ಮ ನನ್ನನ್ನೇ ನೋಡುತ್ತಿದ್ದಳು. ಸುಳ್ಳಿನ ಪೂರ್ತಿ ಭಾರ ನನ್ನ ತಲೆಯ ಮೇಲೆ ಬೀಳುತ್ತದೆ, ಅಪ್ಪ ಇನ್ನೆಂದೂ ನನ್ನ ಕೈ ನಂಬುವುದಿಲ್ಲ, ಇಷ್ಟೇ ನನಗೆ ಕಂಡದ್ದು. ತಲೆ ತಗ್ಗಿಸಿದೆ. ಅಪ್ಪ ಅದನ್ನು ಹೌದು ಅಂದುಕೊಂಡರು. ಅವರು ಹಾಗೆ ಅಂದುಕೊಳ್ಳಲಿ ಅಂತಲೇ ನಾನು ತಲೆ ತಗ್ಗಿಸಿದ್ದು. ಇಷ್ಟು ವರ್ಷವಾದ ಮೇಲೆ ಅದನ್ನು ಬೇರೆ ಥರ ಬರೆಯುವುದಕ್ಕೆ ಆಗುವುದಿಲ್ಲ.

ಮಾರನೇ ಬೆಳಿಗ್ಗೆ ಮಹಡಿಯ ಕಿಟಕಿಯಿಂದ ನೋಡಿದೆ. ಅಪ್ಪ ಕೆಲಸದಿಂದ ಬಿಡಿಸಿದ ಮೇಲೂ ಡ್ರೈವರ್ ಎಂದಿನಂತೆ ಕಾರು ಒರೆಸಿದರು. ಬಾವಿಯ ಉಪ್ಪು ನೀರು ಹಾಕಿದರೆ ಒಳಗೆ ಕಲ್ಲು ಕಟ್ಟುತ್ತದೆ ಅಂತ ಯಾವಾಗಲೂ ಹೇಳುವವರು ಆವತ್ತೂ ಪೈಪಿನ ನೀರನ್ನೇ ಹಿಡಿದು ತಂದು ರೇಡಿಯೇಟರಿಗೆ ಹಾಕಿದರು. ಬೀಗದ ಕೈಯನ್ನು ಅಮ್ಮನ ಕೈಗೆ ಕೊಡದೆ ಮೆಟ್ಟಿಲ ಮೇಲಿಟ್ಟರು. “ಪಾಪ್ಪಾ ಸ್ಕೂಲಿಗೆ ಹೋಗೋದಕ್ಕೆ ಇವತ್ತು ಯಾರಿದ್ದಾರೆ ಅಮ್ಮಾ?” ಅಂತ ಕೇಳಿದ್ದು ನನಗೆ ಮೇಲಕ್ಕೆ ಕೇಳಿಸಿತು. ಸೈಕಲ್ ಹತ್ತಿ ಹೋದರು.

ಹೊಸ ಡ್ರೈವರ್ ಮೂವತ್ತರ ಆಸುಪಾಸಿನವನು. ಮಾತು ಜಾಸ್ತಿ, ತಲೆಗೆ ಎಣ್ಣೆ ಜಾಸ್ತಿ. ಎರಡು ವಾರ ಕೊಡೆ ಕುಟ್ಟಿಸಿಕೊಂಡ. ಬಾಗಿಲು ಒರೆಸುತ್ತ, “ಇದೇನು ಸಾರ್ ಕಾರಾ, ಬಾಣಂತಿಯಾ?” ಎಂದು ಗೊಣಗಿದ್ದೂ ನನಗೆ ಕೇಳಿಸಿತ್ತು. ಮೂರನೆಯ ವಾರ, ವರ್ಕ್‌ಶಾಪಿನಲ್ಲಿ ಒಂದು ದಿನ ಬಿಟ್ಟು ತರುತ್ತೇನೆ ಅಂತ ಹೋದ. ಬಂದ ಮೇಲೆ ಎಲ್ಲ ಸರಿಹೋಯಿತು. ಮುಳ್ಳು ನೂರೆಪ್ಪತ್ತರಲ್ಲಿ ನಿಂತಿತು.

ಬೆಳಿಗ್ಗೆ ನೂರೆಪ್ಪತ್ತು. ಸೌಕಾರ್‌ಪೇಟೆಯಲ್ಲಿ ನೂರೆಪ್ಪತ್ತು. ಬೀಚಿನಲ್ಲಿ, ಬಿಸಿಲಿನಲ್ಲಿ, ಆಫ್ ಮಾಡಿದ ಮೇಲೆ ನೂರೆಪ್ಪತ್ತು. ಅಪ್ಪ, “ನೋಡಿದೆಯಾ? ಓಡಿಸುವವನ ಕೈಯಲ್ಲಿರೋದು” ಅಂದರು. ತಮ್ಮ ಹೋದ ಮೇಲೆ ಮೊದಲ ಸಲ ಅವರು ಕಾರಿನಲ್ಲಿ ದೇವರನಾಮ ಗುನುಗಿದರು. ಅಮ್ಮನೂ ಅವರನ್ನು ನೋಡಿ ನಕ್ಕಳು.

ಆ ನಗುವನ್ನು ಕೆಡಿಸುವ ಧೈರ್ಯ ನನಗೆ ಎಲ್ಲಿಂದ ಬರಬೇಕು? ಚಾರ್ಟಿನಲ್ಲಿ ದಿನ ದಿನವೂ ಸ್ಕೇಲ್ ಇಟ್ಟು ಎಳೆದ ಹಾಗೆ ನೇರ ಗೆರೆ. ರಾತ್ರಿಯೆಲ್ಲ ತಣ್ಣಗೆ ನಿಂತಿದ್ದ ಕಾರು ಬೆಳಿಗ್ಗೆ ಹೇಗೆ ನೂರೆಪ್ಪತ್ತು ತೋರಿಸುತ್ತದೆ? ಇನ್ನೂರೈದನ್ನು ನೋಡಿದಾಗ ಆಗದಿದ್ದ ಭಯ ಆ ನಾರ್ಮಲ್ಲನ್ನು ನೋಡಿದರೆ ಆಗುತ್ತಿತ್ತು. ಅವರು ಹೇಳಿದ್ದು ನೆನಪಿತ್ತಲ್ಲ, ಮುಳ್ಳು ಅಲ್ಲಾಡದೇ ಇದ್ದರೆ ಅಂತ. ಹೇಳಿದರೆ ಅಪ್ಪ ‘ಇದನ್ನು ಯಾರು ಹೇಳಿಕೊಟ್ಟರು?’ ಅಂತ ಕೇಳುತ್ತಾರೆ. ಅಲ್ಲಿಂದ ಆ ಸಂಜೆಗೆ ಹೋಗಬೇಕಾಗುತ್ತದೆ. ಮೂರು ತಿಂಗಳು ನಾನು ಮುಷ್ಟಿ ಬಿಚ್ಚಲಿಲ್ಲ.

ಆಮೇಲೆ ಆಗಸ್ಟಿನ ಒಂದು ಭಾನುವಾರ, ಮತ್ತೆ ಮಾಧವರಂ, ಮತ್ತೆ ಅದೇ ಗೇಟು. ಬೆಳಿಗ್ಗೆ ಹತ್ತೂವರೆಯಿರಬೇಕು. ಸಾಲಿನಲ್ಲಿ ನಿಂತಿದ್ದೆವು. ಮುಳ್ಳು ನೂರೆಪ್ಪತ್ತು. ಆದರೆ ಬಾನೆಟ್ಟಿನಿಂದ ಏನೋ ಕೇಳಿಸುತ್ತಿತ್ತು. ಟಿಕ್ ಟಿಕ್ ಅಲ್ಲ. ಗುಳುಗುಳು, ಅನ್ನದ ಪಾತ್ರೆಯ ತಟ್ಟೆ ಕುಣಿಯುವಂಥ ಸದ್ದು. ಸುಟ್ಟ ರಬ್ಬರಿನ ವಾಸನೆ. ಹೊಸ ಡ್ರೈವರ್ ಕತ್ತಿನ ಬೆವರು ಒರೆಸಿಕೊಂಡು ಗೇಟನ್ನೇ ದಿಟ್ಟಿಸುತ್ತಿದ್ದ.

“ಏನದು ಸದ್ದು? ಎಷ್ಟಿದೆ ಮಗು?” ಹಿಂದಿನಿಂದ ಅಪ್ಪ.

“ನೂರೆಪ್ಪತ್ತು.”

“ಹಾಗಾದರೆ ಪರವಾಗಿಲ್ಲ.”

ಪಕ್ಕದಲ್ಲಿ ಒಂದು ಹಾಲಿನ ವ್ಯಾನ್ ಬಂದು ನಿಂತಿತು. ಖಾಲಿ ಕ್ಯಾನುಗಳು ಗಡಗಡಿಸಿದವು. ಅದರ ಸ್ಟಿಯರಿಂಗಿನ ಹಿಂದಿದ್ದವರನ್ನು ನಾನು ಮೀಸೆಯಿಂದ ಗುರುತಿಸಿದೆ. ಅವರು ಗುರುತಿಸಿದ್ದು ಬಹುಶಃ ಕಾರನ್ನು, ಅದರ ಸದ್ದಿನಿಂದ. ಎಂಜಿನ್ ನಡೆಯುತ್ತಿದ್ದ ಹಾಗೆಯೇ ವ್ಯಾನಿನಿಂದ ಹಾರಿ ಇಳಿದು ನನ್ನ ಕಿಟಕಿಗೆ ಬಂದರು. ಅಪ್ಪನ ಕಡೆಗೆ ನೋಡಲಿಲ್ಲ.

“ಎಷ್ಟು ಪಾಪ್ಪಾ?”

ನನ್ನ ಕೈ ಅಭ್ಯಾಸಬಲದಿಂದ ಸೀಟಿನ ಮೇಲೆ ಇತ್ತು. ಅದನ್ನು ತೆಗೆದು ಮಡಿಲಿಗೆ ಇಟ್ಟುಕೊಂಡೆ. ಬಾಯಿಬಿಟ್ಟು ಹೇಳಿದೆ, ಎಲ್ಲರಿಗೂ ಕೇಳಿಸುವ ಹಾಗೆ. “ನೂರೆಪ್ಪತ್ತು. ಮೂರು ತಿಂಗಳಿಂದ ನೂರೆಪ್ಪತ್ತೇ. ಬೆಳಿಗ್ಗೇನೂ ಅಷ್ಟೇ. ಅಲ್ಲಾಡೋದೇ ಇಲ್ಲ.”

ಅವರು ಕಿಟಕಿಯೊಳಗೆ ತಲೆ ಹಾಕಿ ಮೀಟರನ್ನು ನೋಡಿದರು. ಹೊಸ ಡ್ರೈವರನ್ನು ನೋಡಿದರು. “ಏನಪ್ಪಾ, ಮುಳ್ಳನ್ನ ಕಟ್ಟಿಹಾಕಿದ್ದೀಯಾ?” ಅಂದರು. ಬೈಯುವ ಧ್ವನಿ ಅಲ್ಲ. ಅವನು ಮತ್ತೆ ಕತ್ತು ಒರೆಸಿಕೊಂಡ. ಗಾಜಿನ ಒಳಗೆ, ಮುಳ್ಳಿನ ಬುಡಕ್ಕೆ ಲಕೋಟೆಗೆ ಹಚ್ಚುವ ಅರಗಿನ ಒಂದು ಹನಿ ಬಿಟ್ಟಿದ್ದ. ಅದು ಆಮೇಲೆ ವರ್ಕ್‌ಶಾಪಿನಲ್ಲಿ ಗೊತ್ತಾಯಿತು. ಬಾವಿಯ ನೀರು ಹಾಕಿ ಹಾಕಿ ರೇಡಿಯೇಟರ್ ಅರ್ಧ ಕಟ್ಟಿಹೋಗಿದ್ದು ಕೂಡ.

ಅವರು ಬಾನೆಟ್ಟಿನ ಮೇಲೆ ಅಂಗೈ ಇಡಲು ಹೋಗಿ, ಇಡಲಾಗದೆ ಹಿಂದಕ್ಕೆಳೆದುಕೊಂಡರು. “ಆಫ್ ಮಾಡು. ಇದು ಗೇಟಿನಲ್ಲಿ ನಿಂತದ್ದಕ್ಕೆ ಬಂದ ಕಾವಲ್ಲ, ನಿಜವಾದ ಜ್ವರ. ಆ ಮರದ ನೆರಳಿಗೆ ತಳ್ಳಿ. ಒಂದು ಗಂಟೆ ಯಾರೂ ಮುಚ್ಚಳ ಮುಟ್ಟಬಾರದು.” ಆಮೇಲೆ ನನಗೆ, “ಭಯಪಡಬೇಡ. ಇಳಿಯುತ್ತೆ” ಅಂದರು.

ಗೇಟು ಏಳತೊಡಗಿತು. ಹಿಂದಿನಿಂದ ಹಾರನ್‌ಗಳು. ಅವರು ವ್ಯಾನಿನ ಕಡೆಗೆ ಓಡಿದರು. ಎಲ್ಲೋ ಹಾಲು ಅವರಿಗಾಗಿ ಕಾಯುತ್ತಿತ್ತು.

ನಾನು ಹಿಂದಕ್ಕೆ ತಿರುಗಿ ಸೀಟಿನ ಮೇಲೆ ಮಂಡಿಯೂರಿದೆ. ಅಪ್ಪನ ಮುಖ ನೇರವಾಗಿ ನನ್ನ ಎದುರಿಗಿತ್ತು.

“ಅವರು ಹೇಳಿಕೊಟ್ಟಿರಲಿಲ್ಲ ಅಪ್ಪಾ. ಆವತ್ತು. ಸುಳ್ಳು ನಾನೇ ತೋರಿಸಿದ್ದು.”

ಅಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪ ಬಾಗಿಲು ತೆಗೆದು, ಕೊಡೆಯನ್ನು ಕಾರಿನಲ್ಲೇ ಬಿಟ್ಟು, ಕೆಳಗಿಳಿದು, “ಇರಪ್ಪಾ, ಸ್ವಲ್ಪ ಇರು!” ಎಂದು ಕೈಯೆತ್ತಿದರು. ಅಷ್ಟರಲ್ಲಿ ಸೈಕಲ್‌ಗಳು ನಡುವೆ ನುಗ್ಗಿದ್ದವು. ಹಾಲಿನ ವ್ಯಾನ್ ಹಳಿಗಳ ಮೇಲೆ ಎತ್ತಿ ಕುಕ್ಕಿಕೊಂಡು ದಾಟಿತು. ಒಂದು ಖಾಕಿ ತೋಳು ಕಿಟಕಿಯಿಂದ ಹೊರಗೆ ಬಂತು, ಹಿಂದಿನ ಗಾಡಿಗಳಿಗೆ ದಾರಿ ಬಿಡುವಂತೆ ಒಂದು ಸಲ ಬೀಸಿ ಒಳಗೆ ಹೋಯಿತು. ಅಪ್ಪ ಹಳಿಯ ಮೇಲೆ ನಿಂತು ಇನ್ನೂ ಕೂಗುತ್ತಿದ್ದರು. ಕ್ಯಾನುಗಳ ಗಡಗಡದಲ್ಲಿ ಅವರಿಗೆ ಅದು ಕೇಳಿಸಿರಲಿಕ್ಕಿಲ್ಲ. ವ್ಯಾನ್ ಮಾಧವರಂ ರಸ್ತೆಗೆ ತಿರುಗಿತು. ನಾನು ಅವರನ್ನು ಕೊನೆಯದಾಗಿ ನೋಡಿದ್ದು ಆವತ್ತೇ, ಆ ತೋಳನ್ನು.